ಅಡ್ಯಾರ್ ಉಕ್ಕಿದಾಗ ಪರವೂರಿನವರು ಕಂಡ ಚೆನ್ನೈ

2015ರ ಡಿಸೆಂಬರ್ 1ರ ಮಳೆ ಚೆನ್ನೈ ನಿವಾಸಿಗಳ ಜೊತೆಗೆ ಕೆಲಸಕ್ಕೆಂದೋ ಚಿಕಿತ್ಸೆಗೆಂದೋ ಬಂದಿದ್ದ ಪರವೂರಿನವರನ್ನೂ ನೀರಿನ ನಡುವೆ ಸಿಲುಕಿಸಿತು. ತಾಂಬರಂನಲ್ಲಿ ಒಂದೇ ದಿನ ಸುಮಾರು 49 ಸೆಂ.ಮೀ. ಮಳೆಯಾಯಿತು. ನವೆಂಬರ್ ಮಳೆಗೇ ಕೆರೆಗಳು ತುಂಬಿದ್ದವು. ಚೆಂಬರಂಬಾಕ್ಕಂ ಜಲಾಶಯದಿಂದ 29,000 ಕ್ಯುಸೆಕ್ ನೀರು ಬಿಟ್ಟಾಗ ಅಡ್ಯಾರ್ ನದಿ ದಡ ಮೀರಿ ಸೈದಾಪೇಟೆ, ಕೋಟೂರುಪುರಂ, ಜಾಫರ್‌ಖಾನ್‌ಪೇಟೆಗಳಿಗೆ ನುಗ್ಗಿತು. ರನ್‌ವೇ ಮುಳುಗಿ ವಿಮಾನ ನಿಲ್ದಾಣ ಹಲವು ದಿನ ಮುಚ್ಚಿತು. ಅರಕ್ಕೋಣಂನ ನೌಕಾನೆಲೆಯಿಂದ ಪ್ರಯಾಣಿಕರ ವಿಮಾನಗಳು ಹಾರಿದವು. 1878ರಲ್ಲಿ ಹುಟ್ಟಿದ ‘ದಿ ಹಿಂದೂ’ ಪತ್ರಿಕೆ ಡಿಸೆಂಬರ್ 2ರಂದು ಚೆನ್ನೈನಲ್ಲಿ ಅಚ್ಚಾಗಲಿಲ್ಲ.

ಆ ದಿನಗಳನ್ನು ಕಂಡ ಹೊರಗಿನವರ ನೆನಪಿನಲ್ಲಿ ಎದ್ದು ನಿಲ್ಲುವವರು ಮೀನುಗಾರರು. ಕಡಲಂಚಿನ ಕುಪ್ಪಂಗಳಿಂದ, ಅಂದರೆ ಮೀನುಗಾರರ ಹಳ್ಳಿಗಳಿಂದ, ದೋಣಿಗಳನ್ನು ಲಾರಿಗೇರಿಸಿ ತಂದು, ಬೀದಿಗಳಲ್ಲಿ ಹುಟ್ಟು ಹಾಕುತ್ತಾ ಅವರು ಮಹಡಿಗಳ ಮೇಲೆ ಸಿಲುಕಿದವರನ್ನು ಇಳಿಸಿಕೊಂಡರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಮನೆ, ದೋಣಿ, ಬಂಧುಗಳನ್ನು ಕಳೆದುಕೊಂಡ ಸಮುದಾಯ ಇದೇ. ಹನ್ನೊಂದು ವರ್ಷದ ಬಳಿಕ ನಗರಕ್ಕೆ ಆಸರೆಯಾದದ್ದೂ ಅದೇ. ಈ ಋಣವನ್ನು ಎಷ್ಟು ಹೇಳಿದರೂ ಕಡಿಮೆ.

ಮಸೀದಿ, ದೇವಸ್ಥಾನ, ಚರ್ಚು, ಕಲ್ಯಾಣ ಮಂಟಪಗಳು ಬಾಗಿಲು ತೆರೆದವು. ಅಪರಿಚಿತರಿಗೆ ತಮ್ಮ ಮನೆಯಲ್ಲಿ ಜಾಗವಿದೆ ಎಂದು ಜನ ವಿಳಾಸ, ಫೋನ್ ನಂಬರ್ ಸಮೇತ ಸಾಮಾಜಿಕ ಜಾಲತಾಣಗಳಲ್ಲಿ ಬರೆದುಕೊಂಡರು. ಬೀದಿ ಬೀದಿಯಲ್ಲಿ ಅನ್ನದ ಪೊಟ್ಟಣಗಳನ್ನು ಹಂಚಿದರು. ನೀರಿಳಿದ ಮೇಲೆ ಮುಸ್ಲಿಂ ಸ್ವಯಂಸೇವಕರು ಕೋಟೂರುಪುರಂ, ಸೈದಾಪೇಟೆಗಳಲ್ಲಿ ಮಸೀದಿಗಳ ಜೊತೆಗೆ ದೇವಸ್ಥಾನಗಳ ಕೆಸರನ್ನೂ ತೊಳೆದರು. ಹಾಲಿನ ಬೆಲೆಯನ್ನು ಹಲವು ಪಟ್ಟು ಏರಿಸಿ ಮಾರಿದವರೂ ಇದ್ದರು. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಕೊಟ್ಟವರ ಮುಖವೇ.

ಹೊಗಳಿಕೆಯಲ್ಲಿ ಕೆಲವರ ಪಾಲು ಮಾತ್ರ ತೀರಾ ಕಡಿಮೆಯಾಯಿತು. ಕೊಳೆತ ಕಸದ ರಾಶಿಗಳನ್ನು ಎತ್ತಿದವರು ತಮಿಳುನಾಡಿನ ಬೇರೆ ಜಿಲ್ಲೆಗಳಿಂದ ಕರೆಸಿದ ಪೌರಕಾರ್ಮಿಕರು. ಎಷ್ಟೋ ಮಂದಿ ಕೈಗವಸೂ ಇಲ್ಲದೆ ದುಡಿದರು. ಪ್ರವಾಹದ ಹೊರೆಯ ಹಂಚಿಕೆಯೂ ಸಮನಾಗಿರಲಿಲ್ಲ. ಜಲಾಶಯದ ನೀರನ್ನು ಹೊರಬಿಟ್ಟ ರೀತಿಯನ್ನು ಪರಿಶೀಲಿಸಿದ ಮಹಾಲೇಖಪಾಲರ ವರದಿ 2018ರಲ್ಲಿ ವಿಧಾನಸಭೆಯ ಮುಂದೆ ಬಂತು; ಈ ಪ್ರವಾಹ ಮಾನವ ನಿರ್ಮಿತ ವಿಪತ್ತು ಎಂದು ಅದು ಹೇಳಿತು. ಆದರೂ ಪ್ರವಾಹದ ಬಳಿಕ ಜಾಗ ಬಿಡಬೇಕಾಗಿ ಬಂದದ್ದು ಅಡ್ಯಾರ್ ದಡದ ಗುಡಿಸಲುಗಳಲ್ಲಿದ್ದ ಬಡವರಿಗೆ. ಸಾವಿರಾರು ಕುಟುಂಬಗಳನ್ನು ನಗರದಂಚಿನ ಪೆರುಂಬಾಕ್ಕಂನ ವಸತಿ ಸಮುಚ್ಚಯಗಳಿಗೆ ಸಾಗಿಸಲಾಯಿತು. ಕೂಲಿ ಮತ್ತು ಮಕ್ಕಳ ಶಾಲೆ ಎರಡೂ ಅವರಿಗೆ ದೂರವಾದವು.