ಹಾಲಿಲ್ಲದ ಗಿಣ್ಣು: ಬೆಂಗಳೂರಿನ ಒಂದು ಹಳೆಯ ಹುಡುಕಾಟ

ಚೀಸ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆ? ಶಾಲೆಯ ಪುಸ್ತಕ ಓದಿದವರು 'ಗಿಣ್ಣು' ಎನ್ನುತ್ತಾರೆ. ಹಸು ಕಟ್ಟಿದ ಮನೆಯವರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅವರಿಗೆ ಗಿಣ್ಣು ಎಂದರೆ ಹಸು ಈದ ಮೊದಲ ಒಂದೆರಡು ದಿನದ ಹಾಲು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಇಟ್ಟರೆ ತನ್ನಷ್ಟಕ್ಕೆ ಗಟ್ಟಿಯಾಗುತ್ತದೆ. ಹುಳಿ ಹಿಂಡಬೇಕಿಲ್ಲ, ತಿಂಗಳುಗಟ್ಟಲೆ ಹಣ್ಣು ಮಾಡಬೇಕಿಲ್ಲ. ಚೀಸ್ ಹಾಗಲ್ಲ. ಹಾಲನ್ನು ಬೇಕೆಂದೇ ಒಡೆದು, ನೀರು ಬಸಿದು, ಉಪ್ಪು ಹಾಕಿ, ಕಾಯಬೇಕು. ನಮ್ಮ ಕಡೆ ಹಾಲು ಒಡೆದರೆ ಮನೆಯವರ ಮುಖ ಸಣ್ಣದಾಗುತ್ತದೆ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಇವಿಷ್ಟೇ ನಮ್ಮ ಹಾಲಿನ ದಾರಿ. ಪದ ಸಾಲ ತಂದಿದ್ದೇ ಪದಾರ್ಥ ನಮ್ಮದಲ್ಲದ ಕಾರಣಕ್ಕೆ.

ಈಗ ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ, ವಿ.ವಿ. ಪುರದ ತಿಂಡಿ ಬೀದಿಯಲ್ಲಿ ದೋಸೆಯ ಮೇಲೂ ಚೀಸ್ ತುರಿದು ಬೀಳುತ್ತದೆ. ಅದರ ಹಿಂದೆಯೇ ಮತ್ತೊಂದು ಪ್ರಶ್ನೆ ಬಂದಿದೆ: ಪ್ರಾಣಿಮೂಲದ ಆಹಾರವನ್ನೇ ಬಿಟ್ಟ ವೀಗನ್ ಮಂದಿ ಚೀಸ್‌ಗೆ ಬದಲಾಗಿ ಏನು ತಿನ್ನಬೇಕು? ಇದು ಸ್ಟಾರ್ಟಪ್ ಕಾಲದ ಪ್ರಶ್ನೆ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ 'ಹಾಲಿಗೆ ಬದಲು ಏನು' ಎಂಬ ತಾಯಿ ಪ್ರಶ್ನೆಯನ್ನು ಈ ಊರು ಸುಮಾರು ನೂರು ವರ್ಷದಿಂದ ಕೇಳುತ್ತ ಬಂದಿದೆ. ಕೇಳಿದವರೂ ಸಣ್ಣವರಲ್ಲ.

1927ರ ಅತಿಥಿ

1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಇಳಿದರು. ಮಲ್ಲೇಶ್ವರಕ್ಕೆ ಹತ್ತಿರದ ಕುಮಾರ ಪಾರ್ಕಿನಲ್ಲಿ ಉಳಿದರು. ಆ ದಿನಗಳಲ್ಲಿ ಅವರು ಹೊಸೂರು ರಸ್ತೆ ಕಡೆಯ ಇಂಪೀರಿಯಲ್ ಡೇರಿಗೆ ಹೋಗಿ ಹಸು ಸಾಕಣೆಯ ಪಾಠ ಕಲಿತರು. ಡೇರಿಯ ಪುಸ್ತಕದಲ್ಲಿ ತಮ್ಮ ಕಸುಬನ್ನು 'ರೈತ' ಎಂದು ಬರೆದರು ಎನ್ನುವುದು ಪ್ರಸಿದ್ಧ ಸಂಗತಿ.

ಕಡಿಮೆ ಜನ ಗಮನಿಸುವ ಸಂಗತಿ ಬೇರೆ ಇದೆ. ಹಸು ಸಾಕುವುದನ್ನು ಕಲಿಯಲು ಬಂದ ಈ ವಿದ್ಯಾರ್ಥಿ ಹಸುವಿನ ಹಾಲು ಕುಡಿಯುತ್ತಿರಲಿಲ್ಲ. 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಹಾಲು ಬಿಟ್ಟಿದ್ದರು. ಹೆಚ್ಚು ಹಾಲು ಕರೆಯಲು ಹಸುಗಳಿಗೆ ಕೊಡುತ್ತಿದ್ದ ಹಿಂಸೆಯ ವಿವರ ಓದಿದ್ದೂ ಅದಕ್ಕೆ ಒಂದು ಕಾರಣ. 1918ರಲ್ಲಿ ಭೇದಿಯಿಂದ ಸಾಯುವ ಸ್ಥಿತಿಗೆ ಬಂದಾಗ, ವ್ರತ ಮಾಡಿದ್ದು ಹಸು ಎಮ್ಮೆಗಳ ಹಾಲಿನದಷ್ಟೇ ಅಲ್ಲವೇ ಎಂದು ಕಸ್ತೂರಬಾ ಆಡಿನ ಹಾಲಿನ ದಾರಿ ತೋರಿಸಿದರು. ಗಾಂಧೀಜಿ ಕುಡಿದರು, ಬದುಕಿದರು, ಆದರೆ ಆ ಗುಟುಕು ಅವರನ್ನು ಕೊನೆಯವರೆಗೂ ಚುಚ್ಚಿತು. ಹಾಲಿನಷ್ಟೇ ಪುಷ್ಟಿಯ, ಸುಲಭವಾಗಿ ಜೀರ್ಣವಾಗುವ ಸಸ್ಯಮೂಲದ ಆಹಾರ ಗೊತ್ತಿದ್ದವರು ತಿಳಿಸಿ ಎಂಬ ಅರ್ಥದ ಮಾತನ್ನು ಆತ್ಮಕಥೆಯಲ್ಲೇ ಬರೆದರು. ಆ ಆತ್ಮಕಥೆ 1927ರಲ್ಲಿ ವಾರವಾರ ಅಚ್ಚಾಗುತ್ತಿತ್ತು. ಅದೇ ವರ್ಷದ ಜುಲೈನಲ್ಲಿ ಅವರು ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಗೂ ಭೇಟಿ ಕೊಟ್ಟರು. ಅವರ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಡೆದದ್ದು ಮುಂದೆ ಅಲ್ಲಿಯೇ.

ಟಾಟಾ ಇನ್‌ಸ್ಟಿಟ್ಯೂಟಿನ ಬೇಳೆ

1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಜಗ್ಗಲಿಲ್ಲ. ಕೊನೆಗೆ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಆಕೆ ಕೈಗೆತ್ತಿಕೊಂಡ ವಿಷಯ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು ಇವರೇ. ಬಡವರ ತಟ್ಟೆಯಲ್ಲಿ ಇರುವುದು ಬೇಳೆ, ಇಲ್ಲದಿರುವುದು ಹಾಲು. ಆದ್ದರಿಂದ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡುವುದು ದೊಡ್ಡ ವಿಷಯವೇ ಆಗಿತ್ತು.

ನಂತರದ ಹೆಸರು ವಿ. ಸುಬ್ರಹ್ಮಣ್ಯನ್. ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕರು. ಎರಡನೇ ಮಹಾಯುದ್ಧ, 1943ರ ಬಂಗಾಳದ ಬರಗಾಲ, ಎಲ್ಲೆಲ್ಲೂ ಹಾಲಿಗೆ ಅಭಾವ. ಅಂಥ ವರ್ಷಗಳಲ್ಲಿ ಅವರ ತಂಡ ಸೋಯಾ ಕಾಳಿನಿಂದ ಹಾಲು ತೆಗೆಯುವ ಕೆಲಸ ಮಾಡಿತು. ಸೋಯಾ ಇಲ್ಲಿನ ರೈತರಿಗೆ ಪರಿಚಿತ ಬೆಳೆಯಲ್ಲ, ಅದರ ಹಸಿ ವಾಸನೆ ನಾಲಿಗೆಗೆ ಒಗ್ಗುತ್ತಿರಲಿಲ್ಲ. ದಕ್ಷಿಣದಲ್ಲಿ ರಾಶಿರಾಶಿಯಾಗಿ ಸಿಗುತ್ತಿದ್ದುದು ಕಡಲೆಕಾಯಿ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ನಾವು ಸಿಎಫ್‌ಟಿಆರ್‌ಐ ಎನ್ನುವುದು, ಶುರುವಾದಾಗ ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರಾದರು. ಕಡಲೆಕಾಯಿ ಹಾಲು ಮತ್ತು ಕಡಲೆಕಾಯಿ ಮೊಸರಿನ ಪ್ರಯೋಗ ಅಲ್ಲಿ ಮುಂದುವರಿಯಿತು.

ಅವರ ಲೆಕ್ಕ ನಮ್ಮಂಥ ಹಳ್ಳಿಯವರಿಗೆ ತಕ್ಷಣ ಅರ್ಥವಾಗುತ್ತದೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪ್ರೋಟೀನು. ಅದನ್ನು ಹಸುವಿಗೆ ಹಾಕಿದರೆ ಅದರ ಒಂದು ಭಾಗ ಮಾತ್ರ ಹಾಲಾಗಿ ತಿರುಗಿ ಬರುತ್ತದೆ. ಚೆನ್ನಾಗಿ ಶುದ್ಧ ಮಾಡಿ ನೇರವಾಗಿ ಮಗುವಿಗೇ ಕೊಟ್ಟರೆ? ಇಂದು ವೀಗನ್ ಆಹಾರದ ಪರ ಮಾತಾಡುವವರು ಹೇಳುವುದೂ ಇದೇ ಲೆಕ್ಕ.

ಡೇರಿಯಿಂದ ಬಂದ ಕಡಲೆಕಾಯಿ

ಈ ಕೆಲಸದ ಫಲವಾಗಿ ಹುಟ್ಟಿದ್ದು 'ಮಿಲ್ಟೋನ್'. ಕಡಲೆಕಾಯಿಯಿಂದ ಬೇರ್ಪಡಿಸಿದ ಪ್ರೋಟೀನನ್ನು ಹಸು ಎಮ್ಮೆ ಹಾಲಿಗೆ ಬೆರೆಸಿ, ಜೀವಸತ್ವ, ಖನಿಜ ಸೇರಿಸಿ ಮಾಡಿದ ಪೇಯ. ಬೆಂಗಳೂರಿನ ಸರ್ಕಾರಿ ಡೇರಿಯಲ್ಲೇ ತಯಾರಾಯಿತು, ಮಕ್ಕಳ ಪೌಷ್ಟಿಕ ಆಹಾರ ಯೋಜನೆಗಳಿಗೆ ಹೋಯಿತು. ಪೂರ್ತಿ ಸಸ್ಯಮೂಲದ್ದಲ್ಲ, ನಿಜ. ಹಾಲನ್ನು ಬಿಡಿಸುವುದಲ್ಲ, ಇದ್ದಷ್ಟು ಹಾಲನ್ನು ಹೆಚ್ಚು ಮಕ್ಕಳಿಗೆ ಮುಟ್ಟಿಸುವುದು ಅದರ ಉದ್ದೇಶ. ಆದರೂ ಕಡಲೆಕಾಯಿ ಸರ್ಕಾರಿ ಡೇರಿಯೊಳಗೆ ಹೋಗಿ ಹಾಲಿನ ರೂಪದಲ್ಲಿ ಹೊರಬಂದದ್ದು ಈ ಊರಿನ ಚರಿತ್ರೆ.

ಅದು ಏಕೆ ಉಳಿಯಲಿಲ್ಲ? ಎರಡು ಕಾರಣ ಸ್ಪಷ್ಟ. ಮೊದಲನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಡಲೆಕಾಯಿ ಹಿಂಡಿ ತಿಂದು ಸತ್ತವು. ಅದರಲ್ಲಿದ್ದದ್ದು ಶಿಲೀಂಧ್ರದಿಂದ ಹುಟ್ಟುವ ಅಫ್ಲಟಾಕ್ಸಿನ್ ವಿಷ. ಸರಿಯಾಗಿ ಒಣಗಿಸದ ಕಾಯಿಯಲ್ಲಿ ಅದು ಇಲ್ಲೂ ಬರುತ್ತದೆ. ಆಮೇಲೆ ಕಡಲೆಕಾಯಿಯಿಂದ ಮಕ್ಕಳ ಆಹಾರ ಮಾಡುವವರು ಪ್ರತಿ ಮೂಟೆಯನ್ನೂ ಅನುಮಾನದಿಂದ ನೋಡಬೇಕಾಯಿತು. ಎರಡನೆಯದು ಹಾಲೇ. 1970ರಲ್ಲಿ ಆಪರೇಷನ್ ಫ್ಲಡ್, 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ, 1984ರಲ್ಲಿ ಕೆಎಂಎಫ್. ಬೆಳಿಗ್ಗೆ ಬಾಗಿಲಿಗೆ ಹಾಲಿನ ಪ್ಯಾಕೆಟ್ ಬೀಳತೊಡಗಿದ ಮೇಲೆ ಹಾಲಿಗೆ ಬದಲು ಹುಡುಕುವ ಅವಸರ ಯಾರಿಗೂ ಉಳಿಯಲಿಲ್ಲ.

ಪರಿಷೆ ಹೇಳುವ ಇನ್ನೊಂದು ಮಾತು

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ ಸುತ್ತಿನ ರೈತರ ಬೆಳೆಯನ್ನು ಬಸವ ಮೇಯುತ್ತಿದ್ದ, ಅವನನ್ನು ಸಮಾಧಾನ ಮಾಡಲು ಮೊದಲ ಫಸಲು ಒಪ್ಪಿಸಿದರು ಎಂಬುದು ಜನರ ಕತೆ. ಗುಡಿಯನ್ನು ಕೆಂಪೇಗೌಡರ ಕಾಲಕ್ಕೆ ಸೇರಿಸುತ್ತಾರೆ. ಬೆಳೆಯ ಚರಿತ್ರೆ ಸ್ವಲ್ಪ ಬೇರೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಗಿಡ, ಯುರೋಪಿನ ಹಡಗುಗಳ ಕಾಲದ ನಂತರ ಇಲ್ಲಿಗೆ ಬಂದದ್ದು. ದಕ್ಷಿಣ ಭಾರತದ ಹೊಲಗಳನ್ನು ದೊಡ್ಡ ಪ್ರಮಾಣದಲ್ಲಿ ತುಂಬಿದ್ದು 19ನೇ ಶತಮಾನದಲ್ಲಿ. ಹೊರಗಿನಿಂದ ಬಂದ ಕಾಳು ದೇವರ ನೈವೇದ್ಯವಾಗಿ, ಊರಿನ ಗುರುತಾಗಿ ಕೂತಿದೆ. ಹಾಗಿರುವಾಗ 'ನಮ್ಮ ಸಂಪ್ರದಾಯದಲ್ಲಿ ಇಲ್ಲ' ಎಂದು ಯಾವ ಆಹಾರವನ್ನಾದರೂ ತಳ್ಳುವ ಮುಂಚೆ ಯೋಚಿಸುವುದು ಒಳ್ಳೆಯದು. ಹಾಲಿಲ್ಲದ ಚೀಸ್‌ಗೆ ಹೆಚ್ಚು ಬಳಸುವ ಗೋಡಂಬಿಯೂ ಬ್ರೆಜಿಲಿನಿಂದ ಪೋರ್ಚುಗೀಸರು ತಂದದ್ದೇ.

'ಹಾಲು' ಎಂಬ ಪದವನ್ನೂ ನಮ್ಮವರು ಪ್ರಾಣಿಗೆ ಮಾತ್ರ ಬಿಟ್ಟುಕೊಟ್ಟವರಲ್ಲ. ಒತ್ತು ಶಾವಿಗೆಗೆ ಕಾಯಿಹಾಲು, ಕೂಸಿಗೆ ರಾಗಿಹಾಲು, ಹಬ್ಬಕ್ಕೆ ಗೋಧಿಹಾಲು. ರಾಗಿ ಅಥವಾ ಅಕ್ಕಿಯನ್ನು ಕಾಯಿಯ ಜೊತೆ ರುಬ್ಬಿ, ಬೆಲ್ಲ ಹಾಕಿ ಕಾಯಿಸಿ, ತಟ್ಟೆಗೆ ಹೊಯ್ದು ಕತ್ತರಿಸುವ ತಿಂಡಿಯ ಹೆಸರೇ ಹಾಲುಬಾಯಿ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಸಸ್ಯಮೂಲದ ಪೇಯಗಳನ್ನು 'ಹಾಲು' ಎಂಬ ಹೆಸರಲ್ಲಿ ಆನ್‌ಲೈನಿನಲ್ಲಿ ಮಾರಬಾರದು ಎಂದಿತು. 2022ರಲ್ಲಿ ವೀಗನ್ ಆಹಾರಕ್ಕೆಂದೇ ಪ್ರತ್ಯೇಕ ನಿಯಮ ಬಂತು. ಕಾನೂನು ಏನೇ ಹೇಳಲಿ, ಅಡುಗೆಮನೆ ಕಾಯಿಹಾಲನ್ನು ಕಾಯಿಹಾಲು ಎಂದೇ ಕರೆಯುತ್ತದೆ.

ಹಾಗಾದರೆ ರುಚಿ?

ಚೀಸ್ ಕರಗಿ ನೂಲು ನೂಲಾಗಿ ಎಳೆಯುವುದು ಹಾಲಿನ ಕೇಸಿನ್ ಪ್ರೋಟೀನಿನ ಗುಣ. ಕಡಲೆಕಾಯಿಯ, ಸೋಯಾದ ಪ್ರೋಟೀನು ಬೇರೆ ಜಾತಿ. ಹುಳಿ ಹಿಂಡಿದರೆ ಒಡೆಯುತ್ತದೆ, ಒತ್ತಿದರೆ ಗಡ್ಡೆಯಾಗುತ್ತದೆ, ಕಾಯಿಸಿದರೆ ಕರಗುವುದಿಲ್ಲ. ಅದಕ್ಕೇ ಪನೀರಿಗೆ ಬದಲು ಸಿಗುವುದು ಸುಲಭ, ಪಿಜ್ಜಾದ ಚೀಸಿಗೆ ಕಷ್ಟ. ಅಂಗಡಿಯ ಎಷ್ಟೋ ವೀಗನ್ ಚೀಸುಗಳಲ್ಲಿ ಇರುವುದು ಕೊಬ್ಬರಿ ಎಣ್ಣೆ ಮತ್ತು ಪಿಷ್ಟ. ಅವು ಕರಗುತ್ತವೆ, ಆದರೆ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಗೋಡಂಬಿ ನೆನೆಸಿ ರುಬ್ಬಿ ಹುದುಗು ಬರಿಸಿದ್ದು ರುಚಿಯಲ್ಲಿ ಹತ್ತಿರ ಬರುತ್ತದೆ, ಬೆಲೆಯಲ್ಲಿ ದೂರ ಹೋಗುತ್ತದೆ.

ಕಡಲೆಕಾಯಿಯದನ್ನು ಮನೆಯಲ್ಲೇ ಮಾಡಬಹುದು. ಬೂಷ್ಟಿಲ್ಲದ ಒಳ್ಳೆಯ ಬೀಜ ಆರಿಸಿ, ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ ಸೋಸಿ, ಹಸಿ ವಾಸನೆ ಹೋಗುವಷ್ಟು ಕುದಿಸಿ, ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲಿಡಿ. ಪಲ್ಯಕ್ಕೆ, ಸಾಗುಗೆ ಚೆನ್ನಾಗಿ ಒಗ್ಗುತ್ತದೆ. ಉತ್ತರ ಕರ್ನಾಟಕದ ಜುಣಕದ ವಡಿಯೂ ಇದೆ. ಕಡಲೆಹಿಟ್ಟನ್ನು ಒಗ್ಗರಣೆಯಲ್ಲಿ ಗಟ್ಟಿಯಾಗಿ ಬೇಯಿಸಿ, ತಟ್ಟೆಗೆ ಹಚ್ಚಿ, ಕೊಬ್ಬರಿ ಉದುರಿಸಿ ಕತ್ತರಿಸುವುದು. ಖಾರ, ಉಪ್ಪು, ಜಿಡ್ಡು, ಹಲ್ಲಿಗೆ ಸಿಗುವ ಗಟ್ಟಿತನ ಎಲ್ಲವೂ ಅದರಲ್ಲಿದೆ. ಯಾರೂ ಅದನ್ನು ಚೀಸ್‌ಗೆ ಬದಲು ಎಂದು ಮಾಡಿದ್ದಲ್ಲ, ಆದ್ದರಿಂದ ಅದು ಸೋತ ಚೀಸಿನ ಹಾಗೆ ಕಾಣುವುದೂ ಇಲ್ಲ.

ಕೊನೆಗೆ ನಮ್ಮ ಕಾಳಜಿಯ ಮಾತು. ನಾವು ಜಿಲ್ಲಾ ಪುಟಗಳಿಗೆ ಸುದ್ದಿ ಬರೆಯುವವರು. ನಮ್ಮೂರುಗಳಲ್ಲಿ ಡೇರಿಯ ಹಾಲಿನ ಬಿಲ್ಲು ಎಷ್ಟೋ ಹೆಣ್ಣುಮಕ್ಕಳ ಕೈಗೆ ಬರುವ ಒಂದೇ ನಿಯತ ದುಡ್ಡು. ಕೆಎಂಎಫ್ ದಿನಕ್ಕೆ 80 ಲಕ್ಷ ಲೀಟರಿಗೂ ಹೆಚ್ಚು ಹಾಲು ಕೊಳ್ಳುತ್ತದೆ, ಲೀಟರಿಗೆ 5 ರೂಪಾಯಿ ಸರ್ಕಾರಿ ಪ್ರೋತ್ಸಾಹಧನವಿದೆ. ಪಾವಗಡ, ಚಳ್ಳಕೆರೆಯ ಕಡಲೆಕಾಯಿ ರೈತರಿಗೆ ಅಂಥ ಬೆನ್ನೆಲುಬು ಇಲ್ಲ. ಮಳೆ ಮತ್ತು ಮಂಡಿ ಹೇಳಿದ್ದೇ ಬೆಲೆ. ಹಾಲು ಬಿಡಬೇಕು ಎನ್ನುವವರನ್ನು ಹಳ್ಳಿಯವರು ಅನುಮಾನದಿಂದ ನೋಡುವುದು ಈ ಕಾರಣಕ್ಕೆ. ಬೆಂಗಳೂರಿನ ತಟ್ಟೆಯಿಂದ ಹಾಲಿನ ಚೀಸ್ ಹೋಗಿ, ಆ ಜಾಗಕ್ಕೆ ಆಮದಿನ ಬಾದಾಮಿ, ಎಣ್ಣೆ, ಪಿಷ್ಟ ಬಂದರೆ ನಮ್ಮ ತಾಲ್ಲೂಕುಗಳಿಗೆ ನಷ್ಟವೇ. ಅದೇ ಜಾಗಕ್ಕೆ ಕಡಲೆಕಾಯಿ, ಅವರೆ, ಕಡಲೆ ಬಂದರೆ ಮಾತು ಬೇರೆ. ಸುಬ್ರಹ್ಮಣ್ಯನ್ ಅವರ ತಂಡ ಕಡಲೆಕಾಯಿಯನ್ನು ಆರಿಸಿದ್ದು ಅದು ಇಲ್ಲಿನ ಬಡವರ ಹೊಲದಲ್ಲಿ ಇತ್ತು ಎಂಬ ಕಾರಣಕ್ಕೆ. ಹೊಸದಾಗಿ ಈ ಉದ್ಯಮಕ್ಕೆ ಇಳಿಯುವವರು ಕಾರ್ತಿಕದಲ್ಲಿ ಒಮ್ಮೆ ಬಸವನಗುಡಿಗೆ ಹೋಗಿ, ಸೇರಿಗೆ ಎಷ್ಟು ಎಂದು ಕೇಳುವುದರ ಜೊತೆಗೆ, ಯಾವ ಊರಿಂದ ತಂದಿರಿ, ಎಷ್ಟು ಗಿಟ್ಟಿತು ಎಂದೂ ಕೇಳಿ ಬರಲಿ.