ಗುಂಯ್ ಅನ್ನೋ ಹಳೇ ಸ್ಟೀರಿಯೊ ಮತ್ತು 1974ರ ನಿಯಮ

1970ರ ದಶಕದ ಸ್ಟೀರಿಯೊ ರಿಸೀವರ್‌ಗಳು ಅಷ್ಟೊಂದು ಭಾರ ಯಾಕೆ ಗೊತ್ತಾ? ಆಗ ಅಮೆರಿಕದ ಮಾರುಕಟ್ಟೆಯಲ್ಲಿ ಕಂಪನಿಗಳು ಕ್ಷಣಮಾತ್ರ ಸಿಗೋ ವ್ಯಾಟ್‌ಗಳನ್ನೇ ಜಾಹೀರಾತಿನಲ್ಲಿ ಹೇಳ್ಕೊಳ್ತಿದ್ವು. 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂತು: ಮೂರನೇ ಒಂದು ಭಾಗದ ಪವರ್‌ನಲ್ಲಿ ಒಂದು ಗಂಟೆ ಓಡಿಸಿ, ಬಿಸಿಯಾದ ಮೇಲೇ ಅಳೆಯಬೇಕು. ಅದನ್ನು ತಡೆದುಕೊಳ್ಳೋಕೆ ದಪ್ಪ ಟ್ರಾನ್ಸ್‌ಫಾರ್ಮರ್, ದೊಡ್ಡ ಹೀಟ್‌ಸಿಂಕ್ ಬೇಕಾಯ್ತು. ಪೈಪೋಟಿ ಹೆಚ್ಚಿ, 1978ರ ಪಯೊನೀರ್ ಎಸ್‌ಎಕ್ಸ್-1980 ಪ್ರತಿ ಚಾನೆಲ್‌ಗೆ 270 ವ್ಯಾಟ್ ಮುಟ್ಟಿತು.

ಆ ಟ್ರಾನ್ಸ್‌ಫಾರ್ಮರ್‌ಗಳು ಸಾಮಾನ್ಯವಾಗಿ ಇವತ್ತಿಗೂ ಗಟ್ಟಿ. ಕೈಕೊಡೋದು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್. ಒಳಗಿನ ದ್ರವ ಒಣಗುತ್ತೆ. ವಾಲ್ಯೂಮ್ ಸೊನ್ನೆಗೆ ಇಳಿಸಿದ್ರೂ ಗುಂಯ್ ಅಂತಿದ್ರೆ ಮೊದಲ ಅನುಮಾನ ಅದರ ಮೇಲೆ. ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಕಂಟ್ರೋಲ್ ಒಳಗೆ ಕೊಳೆ. ಒಂದು ಚಾನೆಲ್ ಬಂದು ಬಂದು ಹೋಗ್ತಿದ್ರೆ ರಿಲೇ ಕಾಂಟ್ಯಾಕ್ಟ್ ಕಪ್ಪಾಗಿರಬಹುದು.

ಕೆಪ್ಯಾಸಿಟರ್ ಬಿಡಿಯಾಗಿ ಸಿಗುತ್ತೆ. ಚೆನ್ನೈನ ರಿಚ್ಚಿ ಸ್ಟ್ರೀಟ್, ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ. ಆದ್ರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ. ಅಭ್ಯಾಸ ಇಲ್ಲದವರು ಮುಚ್ಚಳ ತೆಗೀಬೇಡಿ, ಬಲ್ಲವರಿಗೆ ಕೊಡಿ. ಗುಜರಿಗೆ ಮಾತ್ರ ಹಾಕಬೇಡಿ.