ಬೆನ್ನು ನೋವಿಗೆ ಬಟ್ಟಲು ಚಿಕಿತ್ಸೆ : ಹೋಗುವ ಮುನ್ನ ತಿಳಿದಿರಲಿ

ಬೆಳಗ್ಗೆ 405 ಫ್ರೀವೇಯಲ್ಲಿ ಗಂಟೆಗಟ್ಟಲೆ ಕಾರು, ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುರ್ಚಿ, ಸಂಜೆ ಮಗುವನ್ನು ಕಾರ್ ಸೀಟಿನಿಂದ ಎತ್ತಿ ಇಳಿಸುವ ಕಸರತ್ತು. ಬೆನ್ನು ನೋಯದೆ ಇನ್ನೇನಾದೀತು? ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋಗಳಲ್ಲಿ ನಾವು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಹಿಂದೆಯೇ 'ಒಮ್ಮೆ ಕಪ್ಪಿಂಗ್ ಮಾಡಿಸಿ ನೋಡಿ' ಎಂಬ ಸಲಹೆಯೂ! ಕೊರಿಯಾಟೌನ್, ಸ್ಯಾನ್ ಗೇಬ್ರಿಯಲ್ ಕಣಿವೆ, ಸ್ಯಾನ್ ಡಿಯಾಗೋದ ಕಾನ್ವಾಯ್ ಸ್ಟ್ರೀಟ್ ಕಡೆ ಇಂಥ ಚಿಕಿತ್ಸಾಲಯಗಳನ್ನು ಹುಡುಕುವುದು ಕಷ್ಟವಲ್ಲ.

ಏನಿದು ಕಪ್ಪಿಂಗ್?

ಗಾಜಿನ ಬಟ್ಟಲೊಳಗೆ ಕ್ಷಣಕಾಲ ಬೆಂಕಿ ತೋರಿಸಿ ಬೆನ್ನಿನ ಮೇಲೆ ಕವುಚಿ ಹಾಕುತ್ತಾರೆ. ಒಳಗಿನ ಬಿಸಿಗಾಳಿ ತಣಿದಾಗ ಒತ್ತಡ ಕಡಿಮೆಯಾಗಿ ಚರ್ಮ ಮೇಲಕ್ಕೆ ಸೆಳೆಯುತ್ತದೆ. ಈಗ ಪಂಪಿನಿಂದ ಗಾಳಿ ಎಳೆಯುವ ಪ್ಲಾಸ್ಟಿಕ್ ಬಟ್ಟಲುಗಳೂ ಇವೆ. ಕೆಲವು ನಿಮಿಷ ಬಿಟ್ಟು ತೆಗೆದರೆ ದುಂಡನೆಯ ಕೆನ್ನೀಲಿ ಗುರುತು! 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಜಗತ್ತು ಕಂಡದ್ದು ಇದನ್ನೇ. ಅದು ಹೊರಬಂದ 'ವಿಷ'ವಲ್ಲ, ಸೂಕ್ಷ್ಮ ರಕ್ತನಾಳಗಳು ಒಡೆದು ಆದ ಕಲೆ. ಒಂದೆರಡು ವಾರದಲ್ಲಿ ಮಾಸುತ್ತದೆ.

ನಮಗೇನೂ ಇದು ಹೊಸದಲ್ಲ. ಕೊಂಬು ಮತ್ತು ಸೋರೆಬುರುಡೆ ಇಟ್ಟು ರಕ್ತ ಸೆಳೆಯುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಯುನಾನಿಯಲ್ಲಿ ಇದರ ಹೆಸರು ಹಿಜಾಮಾ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಇಂದಿಗೂ ಈ ಚಿಕಿತ್ಸೆ ಉಂಟು.

ಗುಣ ಕಾಣುತ್ತದೆಯೇ?

ಕೆಲವರಿಗೆ ಸ್ವಲ್ಪ ಕಾಲ ನೋವು ತಗ್ಗಬಹುದು. ಆದರೆ ಪುರಾವೆ ಬಲವಾಗಿಲ್ಲ. ಬೆನ್ನಿಗೆ ಬಟ್ಟಲು ಅಂಟಿದ್ದು ರೋಗಿಗೆ ಗೊತ್ತಾಗಿಯೇ ಆಗುತ್ತದೆ, ಹೀಗಾಗಿ ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡುವುದೇ ಕಷ್ಟ. ಹೆಚ್ಚಿನ ಸೊಂಟ ನೋವು ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆಂಬುದೂ ನೆನಪಿರಲಿ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟ ಸಲಹೆಗಳಲ್ಲಿ ಬಿಸಿ ಶಾಖ, ಮಸಾಜ್, ಆಕ್ಯುಪಂಕ್ಚರ್, ವ್ಯಾಯಾಮ ಮತ್ತು ನಮ್ಮ ಯೋಗ ಇವೆ. ಕಪ್ಪಿಂಗ್ ಇಲ್ಲ.

ಯಾರಿಗೆ ಬೇಡ?

ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವ ಮುಂಚೆ ಅವರ ಮಾತ್ರೆ ಡಬ್ಬಿ ನೋಡಿ. ವಾರ್ಫರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಔಷಧಿ ಇದ್ದರೆ ವೈದ್ಯರನ್ನು ಕೇಳದೆ ಬೇಡವೇ ಬೇಡ. ಸಕ್ಕರೆ ಕಾಯಿಲೆಯವರಿಗೆ ಸುಟ್ಟಗಾಯ ಬೇಗ ಮಾಯದು. ಎಸ್ಜಿಮಾ, ಸೋರಿಯಾಸಿಸ್ ಇದ್ದರೆ ಉಲ್ಬಣಿಸಬಹುದು. ಚರ್ಮ ಗೀರಿ ರಕ್ತ ತೆಗೆಯುವ ವಿಧಾನದಲ್ಲಿ ಸೋಂಕಿನ ಭಯವಿದೆ. ಮಕ್ಕಳಿಗಂತೂ ಮಾಡಿಸಬೇಡಿ. ಈ ಕಲೆಗಳನ್ನು ಹೊಡೆತದ ಗುರುತೆಂದು ತಿಳಿಯುವ ಸಾಧ್ಯತೆ ಇದೆ, ಮತ್ತು ಕ್ಯಾಲಿಫೋರ್ನಿಯಾದಲ್ಲಿ ಅಂಥ ಅನುಮಾನ ಬಂದರೆ ವರದಿ ಮಾಡುವುದು ಶಿಕ್ಷಕರ, ವೈದ್ಯರ ಕಾನೂನುಬದ್ಧ ಕರ್ತವ್ಯ.

ಯಾರ ಬಳಿ ಹೋಗಬೇಕು?

ಈ ರಾಜ್ಯದ ಕಾನೂನು ಆಕ್ಯುಪಂಕ್ಚರ್ ಲೈಸೆನ್ಸ್ ಪಡೆದವರಿಗೆ ಕಪ್ಪಿಂಗ್ ಮಾಡಲು ಸ್ಪಷ್ಟ ಅನುಮತಿ ನೀಡಿದೆ. ಅವರ ಹೆಸರನ್ನು ಕ್ಯಾಲಿಫೋರ್ನಿಯಾ ಆಕ್ಯುಪಂಕ್ಚರ್ ಬೋರ್ಡಿನ ತಾಣದಲ್ಲಿ ಹುಡುಕಿ ಲೈಸೆನ್ಸ್ ಖಚಿತಪಡಿಸಿಕೊಳ್ಳಿ. ಬಟ್ಟಲುಗಳನ್ನು ಹೇಗೆ ಶುದ್ಧಿ ಮಾಡುತ್ತಾರೆಂದು ಕೇಳಲು ಸಂಕೋಚ ಬೇಡ. ಖರ್ಚಿನ ಮಾತೂ ಮೊದಲೇ ಆಗಲಿ. ಮೆಡಿಕೇರ್ 2020ರಿಂದ ದೀರ್ಘಕಾಲದ ಸೊಂಟ ನೋವಿಗೆ ಆಕ್ಯುಪಂಕ್ಚರ್ ವೆಚ್ಚ ಭರಿಸುತ್ತಿದೆ: 90 ದಿನಗಳಲ್ಲಿ 12 ಸಲ, ಗುಣ ಕಂಡರೆ ಇನ್ನೂ 8. ಕಪ್ಪಿಂಗ್‌ಗೆ ಆ ಸೌಲಭ್ಯವಿಲ್ಲ.

ಇವು ಕಂಡರೆ ತಡ ಬೇಡ

ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದು ಜೋಮು ಹಿಡಿಯುವುದು, ಕಾಲಿನ ಶಕ್ತಿ ಕುಂದುವುದು: ಇವು ನರ ಅದುಮಿ ಹೋಗಿರುವ ಸೂಚನೆ. ನೇರ ಎಮರ್ಜೆನ್ಸಿಗೆ ಹೋಗಿ. ಬೆನ್ನು ನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ತೂಕ ಇಳಿತ, ಹಿಂದೆ ಕ್ಯಾನ್ಸರ್ ಬಂದಿದ್ದು ಅಥವಾ ಬಿದ್ದ ಪೆಟ್ಟು ಇದ್ದರೂ ಮೊದಲು ವೈದ್ಯರನ್ನು ಕಾಣಿ.

ವಿಮೆಯ ಖರ್ಚಿಗೆ ಹೆದರಿ ನೋವು ನುಂಗಿಕೊಳ್ಳುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. 'ಏನಿಲ್ಲ ಬಿಡು, ಸ್ವಲ್ಪ ಸೊಂಟ ಹಿಡಿದಿದೆ' ಎಂದರೆ ಇನ್ನೆರಡು ಪ್ರಶ್ನೆ ಕೇಳಿ. ಬಟ್ಟಲು ಆಮೇಲೆ ಇಡಿಸಿದರಾಯಿತು!